ಬ್ಯಾಂಕ್ ಅನುದಾನದ ನೀರಿನ ಘಟಕ: ಸಂಘದ ಹೆಸರಲ್ಲೋ, ಪಂಚಾಯಿತಿ ಹೆಸರಲ್ಲೋ?

ಗಡಿನಾಡು ಪಾವಗಡ:
ನಮ್ಮೂರಲ್ಲಿ 210 ಮನೆ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಲೀಟರಿಗೆ 3.4 ಮಿಲಿಗ್ರಾಂ, ಟಿಡಿಎಸ್ (ನೀರಲ್ಲಿ ಕರಗಿದ ಲವಣ) 900. ಪಕ್ಕದ ಪಟ್ಟಣದ ಒಂದು ಖಾಸಗಿ ಬ್ಯಾಂಕ್ ಶಾಖೆಯವರು, ಸಿಎಸ್‌ಆರ್‌ನಲ್ಲಿ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಹಣ) ಗಂಟೆಗೆ 1000 ಲೀಟರ್ ನೀರು ಶುದ್ಧ ಮಾಡೋ ಆರ್‌ಓ ಘಟಕ ಕೊಡಿಸ್ತೀವಿ, ಸಂಘದ ಕಾಗದಪತ್ರ ತನ್ನಿ ಅಂದಿದ್ದಾರೆ. ನಮ್ಮದು ನೋಂದಾಯಿತ ಯುವಕ ಸಂಘ. ಇದುವರೆಗೆ ಮಾಡಿದ್ದು ಕಬಡ್ಡಿ ಪಂದ್ಯ, ಗಣೇಶೋತ್ಸವ. ಸಂಘದ ಹೆಸರಲ್ಲೇ ತಗೊಳ್ಳೋದಾ, ಪಂಚಾಯಿತಿಗೆ ಬಿಡೋದಾ? ಅನುಭವ ಇರೋರು ಹೇಳಿ.

ಲೆಕ್ಕಪುಸ್ತಕ:
ಸಂಘದ ಹೆಸರಲ್ಲಿ ದುಡ್ಡು ಬರಬೇಕಾದರೆ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಬೇಕು. 2021ರ ಏಪ್ರಿಲ್ 1ರಿಂದ ಅದಿಲ್ಲದೆ ಯಾವ ಕಂಪನಿಯೂ ಸಂಘದ ಮೂಲಕ ಸಿಎಸ್‌ಆರ್ ಖರ್ಚು ತೋರಿಸುವ ಹಾಗಿಲ್ಲ. ಅದಕ್ಕೆ ಮೊದಲು ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ. ಅದಕ್ಕೂ ಮೊದಲು ಸಂಘದ ಪ್ಯಾನ್, ಆಡಿಟ್ ಆದ ಲೆಕ್ಕ, ಜಿಲ್ಲಾ ನೋಂದಣಾಧಿಕಾರಿಗೆ ವರ್ಷ ವರ್ಷ ಸಲ್ಲಿಸಬೇಕಾದ ಪದಾಧಿಕಾರಿಗಳ ಪಟ್ಟಿ. ಹಳ್ಳಿ ಸಂಘಗಳು ಎಡವೋದು ಇಲ್ಲೇ: ನೋಂದಣಿ ಮಾಡಿಸಿದ ವರ್ಷ ಬಿಟ್ಟರೆ ಮತ್ತೆ ಆ ಕಚೇರಿ ಕಡೆ ತಲೆ ಹಾಕಿರಲ್ಲ. ಐದಾರು ವರ್ಷದ ಬಾಕಿ, ದಂಡ, ಅಧ್ಯಕ್ಷರು ಬದಲಾಗಿದ್ದಕ್ಕೆ ನಡವಳಿ ಪುಸ್ತಕವೇ ಇಲ್ಲ.

ಇಷ್ಟೆಲ್ಲ ಆದಮೇಲೂ, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು ಅಂತ ನಿಯಮ ಇದೆ. ಕಬಡ್ಡಿ ಫೋಟೋ ತೋರಿಸಿ ನೀರಿನ ಘಟಕ ಕೇಳಿದರೆ ಮುಖ್ಯ ಕಚೇರಿಯಲ್ಲಿ ಕಡತ ಅಲ್ಲೇ ಮಲಗುತ್ತೆ. ಶಾಖೆ ಮ್ಯಾನೇಜರ್ ಕೈಯಲ್ಲಿ ಏನೂ ಇರಲ್ಲ, ಅವರು ಶಿಫಾರಸು ಪತ್ರ ಕಳಿಸಬಹುದು ಅಷ್ಟೇ.

ಇನ್ನೊಂದು. ದುಡ್ಡು ಸಂಘದ ಖಾತೆಗೆ ಬಂದು ನೀವೇ ಗುತ್ತಿಗೆದಾರನಿಗೆ ಕೊಟ್ಟರೆ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯೋದು ನಿಮ್ಮ ಹೊಣೆ. ವ್ಯಕ್ತಿಯಾದರೆ ಶೇ 1, ಕಂಪನಿ ಅಥವಾ ಪಾಲುದಾರಿಕೆಯಾದರೆ ಶೇ 2. ಅದಕ್ಕೆ ಟ್ಯಾನ್ (ತೆರಿಗೆ ಕಡಿತದ ಖಾತೆ ಸಂಖ್ಯೆ) ತಗೊಂಡಿರಬೇಕು. ಹಿಡಿಯದಿದ್ದರೆ ಬಡ್ಡಿ ನಿಮ್ಮ ಜೇಬಿಂದ.

ಘಟಕ ನಂಬರ್ 2:
ಇವರ ಟಿಡಿಎಸ್ ಆ ಟಿಡಿಎಸ್, ನಮ್ಮ ಟಿಡಿಎಸ್ ಬೇರೆ. ಕಾಗದ ಹೇಗೋ ಆಗುತ್ತೆ ಸ್ವಾಮಿ. ಘಟಕ ನಿಲ್ಲೋದು ಕಾಗದದಿಂದಲ್ಲ, ನಡೆಸೋ ಖರ್ಚಿಂದ. ಬ್ಯಾಂಕ್ ಕೊಡೋದು ಯಂತ್ರ ಮತ್ತು ಶೆಡ್. ಆಮೇಲಿನದು ಯಾರೂ ಕೊಡಲ್ಲ. ನಮ್ಮ ಘಟಕದ ಪುಸ್ತಕದಲ್ಲಿರೋದನ್ನೇ ಹಾಕ್ತೀನಿ, ದಿನಕ್ಕೆ 150 ಕ್ಯಾನ್, ಅಂದರೆ ಮೂರು ಗಂಟೆ ಓಟ:

ಆಪರೇಟರ್ ಸಂಬಳ 6000. ಕರೆಂಟು 200 ಯೂನಿಟ್ ಹತ್ತಿರ, 1800. ಆಂಟಿಸ್ಕೇಲೆಂಟ್ (ಸುಣ್ಣ ಕಟ್ಟದಂತೆ ತಡೆಯೋ ರಾಸಾಯನಿಕ) ಮುಕ್ಕಾಲು ಕೆಜಿ, 200. ಇಪ್ಪತ್ತು ಇಂಚಿನ ಜಂಬೋ ಕಾರ್ಟ್ರಿಜ್ (ಕೆಸರು ಸೋಸೋ ಫಿಲ್ಟರ್) 600. ನಾಲ್ಕು 4040 ಅಳತೆಯ ಮೆಂಬ್ರೇನ್ (ಲವಣ ತಡೆಯೋ ಪೊರೆ) ಎರಡೂವರೆ ವರ್ಷಕ್ಕೆ ಬದಲಿಸಲು ತಿಂಗಳಿಗೆ ಎತ್ತಿಡೋದು 2000. ಕಾರ್ಬನ್, ಮರಳು, ಸಣ್ಣ ರಿಪೇರಿ 1000. ಒಟ್ಟು 11,600.

20 ಲೀಟರ್ ಕ್ಯಾನಿಗೆ 2 ರೂಪಾಯಿ ಇಟ್ಟರೆ ತಿಂಗಳಿಗೆ 9000 ಬರುತ್ತೆ, 2600 ಕಡಿಮೆ ಬೀಳುತ್ತೆ. ಮೊದಲು ನಿಲ್ಲಿಸೋದು ಆ 200 ರೂಪಾಯಿ ಆಂಟಿಸ್ಕೇಲೆಂಟು! ಅದನ್ನ ಹನಿಸೋ ಡೋಸಿಂಗ್ ಪಂಪಿನ ಡಬ್ಬಿಗೆ ಬರೀ ನೀರು ತುಂಬಿ ಇಟ್ಟಿರ್ತಾರೆ, ನೋಡಿದವರಿಗೆ ಗೊತ್ತಾಗಲ್ಲ. ಗಡಸು ನೀರಿಗೆ ಆರು ತಿಂಗಳಲ್ಲಿ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿ, ಒತ್ತಡ ಏರಿ, ನೀರು ಅರ್ಧಕ್ಕೆ ಇಳಿಯುತ್ತೆ. 200 ಉಳಿಸೋಕೆ ಹೋಗಿ 60,000. ಬೆಲೆ 5 ರೂಪಾಯಿ ಅಂತ ಉದ್ಘಾಟನೆ ದಿನವೇ ಗೋಡೆ ಮೇಲೆ ಬರೆಸಿ. ಆಮೇಲೆ ಏರಿಸೋಕೆ ಯಾವ ಸದಸ್ಯನೂ ಬಿಡಲ್ಲ.

ಸಹಕಾರಿ ಗದಗ:
ಸಿಎಸ್‌ಆರ್-1 ಅಂತೆ, ಟ್ಯಾನ್ ಅಂತೆ. ನಿಮ್ಮ ಊರಿಗೆ ಪತ್ತಿನ ಸಹಕಾರ ಸಂಘ ಇಲ್ಲೇನ್ರಿ? ದೇಶದ ಮೊದಮೊದಲ ಸಹಕಾರ ಸಂಘಗಳಾಗ ಒಂದು ಹುಟ್ಟಿದ್ದು 1905ರಾಗ ನಮ್ಮ ಕಣಗಿನಹಾಳದಾಗ, ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಸಂಘದ ನಿವ್ವಳ ಲಾಭದಾಗ ಶೇ 25 ಆಪದ್ಧನ ನಿಧಿಗೆ ತಗದು, ಉಳಿದದ್ದರಾಗ ಬೈಲಾ ಪ್ರಕಾರ ಧರ್ಮಾದಾಯ ನಿಧಿ ಇಡ್ತಾರ. ಸೆಪ್ಟೆಂಬರ್ ಮಹಾಸಭಾದಾಗ ಲಾಭ ವಿಂಗಡಣೆಗೆ ಒಪ್ಪಿಗೆ, ಆಮ್ಯಾಲೆ ಆಡಳಿತ ಮಂಡಳಿ ಠರಾವು, ಚೆಕ್ಕು. ನಮ್ಮ ಸಾಲಿ ಶೌಚಾಲಯಕ್ಕ 1.5 ಲಕ್ಷ ಇಪ್ಪತ್ತು ದಿನದಾಗ ಬಂತು.

ಲೆಕ್ಕಪುಸ್ತಕ:
ಒಂದೂವರೆ ಲಕ್ಷಕ್ಕೆ ಶೌಚಾಲಯ ಆಗುತ್ತೆ, ಗಂಟೆಗೆ 1000 ಲೀಟರಿನ ಘಟಕ ಶೆಡ್ ಸಮೇತ ಆಗಲ್ಲ. ಕೇಳಿದ್ದಕ್ಕೆ ಉತ್ತರ ಕೊಡಿ.

ಸಹಕಾರಿ ಗದಗ:
ನೀವರ ಎಲ್ಲಿ ಕೊಟ್ಟೀರಿ? ಹೆದರಿಸಿದ್ದು ಬಿಟ್ಟರ ಏನೂ ಹೇಳಿಲ್ಲ. ಮತ್ತ ಎಲ್ಲಾ ಬ್ಯಾಂಕಿಗೂ ಲಾಭದಾಗ ಶೇ 2 ಸಿಎಸ್‌ಆರ್ ಖರ್ಚು ಕಡ್ಡಾಯ ಐತಲ್ಲ, ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕ್ಲಿ ಅನ್ನಬಹುದಿತ್ತು.

ಲೆಕ್ಕಪುಸ್ತಕ:
ಎಲ್ಲಾ ಬ್ಯಾಂಕಿಗೂ ಇಲ್ಲ. ಇದನ್ನ ಎಷ್ಟು ಸಲ ಹೇಳೋದು. ಶೇ 2 ಅನ್ನೋದು 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. ಖಾಸಗಿ ಬ್ಯಾಂಕುಗಳು ಕಂಪನಿಗಳು, ಅವಕ್ಕೆ ಅನ್ವಯ. ಅದೂ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಮೇಲೆ. ರಾಷ್ಟ್ರೀಕೃತ ಬ್ಯಾಂಕುಗಳು 1970, 1980ರ ಕಾಯ್ದೆಗಳ ಕೆಳಗಿರೋವು, ಕಂಪನಿಗಳಲ್ಲ. ಅವಕ್ಕೆ ರಿಸರ್ವ್ ಬ್ಯಾಂಕಿನ ಮಿತಿ: ದೇಣಿಗೆ ಹಿಂದಿನ ವರ್ಷದ ಪ್ರಕಟಿತ ಲಾಭದ ಶೇ 1 ದಾಟಬಾರದು. ಅದು ಮಿತಿ, ಕಡ್ಡಾಯವಲ್ಲ. ಗ್ರಾಮೀಣ ಬ್ಯಾಂಕು 1976ರ ಕಾಯ್ದೆ, ಸಹಕಾರ ಬ್ಯಾಂಕು ಸಹಕಾರ ಕಾಯ್ದೆ. ನಾಲ್ಕು ಕಡೆ ಒಂದೇ ಅರ್ಜಿ ಜೆರಾಕ್ಸ್ ಮಾಡಿ ಹಾಕಿದರೆ ನಾಲ್ಕೂ ಕಡೆ ಕಸದಬುಟ್ಟಿ.

ಉತ್ತರ ಬೇಕಲ್ವಾ, ತಗೊಳ್ಳಿ. ಬ್ಯಾಂಕ್ ತಾನೇ ನೇರವಾಗಿ ಮಾಡಲಿ ಅಂತ ಕೇಳಿ. ಬ್ಯಾಂಕೇ ಪೂರೈಕೆದಾರನಿಗೆ ದುಡ್ಡು ಕೊಟ್ಟು, ಘಟಕವನ್ನ ಗ್ರಾಮ ಪಂಚಾಯಿತಿಗೆ ಹಸ್ತಾಂತರ ಮಾಡಬಹುದು. ಆಗ ನಿಮ್ಮ ಸಂಘಕ್ಕೆ ಸಿಎಸ್‌ಆರ್-1 ಬೇಕಿಲ್ಲ. ಆಸ್ತಿ ಬ್ಯಾಂಕಿನ ಹೆಸರಲ್ಲಿ ಉಳಿಯೋ ಹಾಗಿಲ್ಲ, ಸರ್ಕಾರಿ ಪ್ರಾಧಿಕಾರದ ಹೆಸರಲ್ಲಿ ಇರಬಹುದು. ಬೇಕಾಗಿರೋದು: ಪಂಚಾಯಿತಿ ಸಾಮಾನ್ಯ ಸಭೆಯ ಠರಾವು, 15x20 ಅಡಿ ಜಾಗಕ್ಕೆ ಇ-ಸ್ವತ್ತು ದಾಖಲೆ, ಬೋರ್‌ವೆಲ್ ಇಳುವರಿ ಮತ್ತು ನೀರಿನ ಪರೀಕ್ಷಾ ವರದಿ, ಪಿಡಿಒ ಹೆಸರಲ್ಲಿ ತ್ರೀ ಫೇಸ್ ಸಂಪರ್ಕಕ್ಕೆ ಅರ್ಜಿ, ಮೂರು ಕೊಟೇಶನ್. ಜಿಎಸ್‌ಟಿ ಸೇರಿದೆಯಾ ಹೊರತಾ ಅಂತ ಬರೆಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಅರ್ಜಿ ಹೋಗಲಿ. ಫೆಬ್ರವರಿಯಲ್ಲಿ ಹೋದರೆ, ವರ್ಷದ ಲೆಕ್ಕ ಮುಗಿಸೋ ಆತುರಕ್ಕೆ ಬಿಲ್ಲು ಮಾರ್ಚ್ 29ಕ್ಕೆ, ಮೆಂಬ್ರೇನು ಜೂನ್‌ಗೆ ಬರುತ್ತೆ.

ಮಳೆನೀರು:
ಇಷ್ಟು ತಲೆನೋವು ಯಾಕೆ? ಮಳೆನೀರಲ್ಲಿ ಫ್ಲೋರೈಡ್ ಇಲ್ಲ ಅನ್ನೋಷ್ಟು ಕಡಿಮೆ. ಶಾಲೆ ಚಾವಣಿ 100 ಚದರ ಮೀಟರ್, 500 ಮಿ.ಮೀ. ಮಳೆ, ಶೇ 80 ಸಿಕ್ಕರೂ 40,000 ಲೀಟರ್. 120 ಮಕ್ಕಳಿಗೆ ತಲಾ ಒಂದೂವರೆ ಲೀಟರಿನಂತೆ 220 ದಿನಕ್ಕೆ 39,600. ಕರೆಂಟಿಲ್ಲ, ಮೆಂಬ್ರೇನಿಲ್ಲ. ನಿಮ್ಮ ಆರ್‌ಓ ಒಂದು ಲೀಟರ್ ಕೊಟ್ಟು ಒಂದು ಲೀಟರ್ ಚೆಲ್ಲುತ್ತೆ.

ಘಟಕ ನಂಬರ್ 2:
ಮೇಡಂ, ಲೆಕ್ಕ ಚೆಂದ. 40,000 ಲೀಟರ್ ಹಿಡಿಯೋ ತೊಟ್ಟಿ ಯಾರು ಕಟ್ಟಿಸ್ತಾರೆ? ಮಳೆ ಕೈಕೊಟ್ಟ ವರ್ಷ ಮಕ್ಕಳಿಗೆ ಏನು ಕುಡಿಸ್ತೀರಿ?

ಮಳೆನೀರು:
ಬೋರ್ ಬತ್ತಿದ ವರ್ಷ ನೀವು ಏನು ಕುಡಿಸ್ತೀರೋ ಅದನ್ನೇ.

ಘಟಕ ನಂಬರ್ 2:
ಚೆಲ್ಲೋ ನೀರಿನ ವಿಷಯ ಮಾತ್ರ ಒಪ್ಪಬೇಕು. 3.4 ಒಳಗೆ ಹೋಗಿ, ಶುದ್ಧ ನೀರಲ್ಲಿ 0.3 ಬಂದರೆ, ಹೊರಗೆ ಬಿಡೋ ನೀರಲ್ಲಿ 6.5 ಇರುತ್ತೆ. ಅದನ್ನ ದನದ ತೊಟ್ಟಿಗೆ ತಿರುಗಿಸಿರೋ ಘಟಕ ಬೇಕಾದಷ್ಟಿವೆ, ಪುಣ್ಯದ ಕೆಲಸ ಅಂತ ಬೇರೆ! ಶೌಚಾಲಯದ ಫ್ಲಶ್‌ಗೆ, ರಸ್ತೆ ಕೆಲಸಕ್ಕೆ ಕೊಡಿ.

ಪಾವಗಡದ ಅಣ್ಣ, ಒಂದು ಮಾತು ಬರೆದಿಟ್ಕೊಳ್ಳಿ. ಶುದ್ಧ ನೀರಿನ ಪೈಪಿಗೆ ಕಚ್ಚಾ ನೀರು ಬೆರೆಸೋಕೆ ಒಂದು ಸಣ್ಣ ವಾಲ್ವ್ ಇರುತ್ತೆ, ಬೈಪಾಸ್. ರುಚಿ ಸಪ್ಪೆ ಅಂತ ಜನ ದೂರಿದಾಗ, ಇಲ್ಲ ಬೇಗ ಟ್ಯಾಂಕ್ ತುಂಬಲಿ ಅಂತ, ಆಪರೇಟರ್ ಅದನ್ನ ತಿರುಗಿಸ್ತಾನೆ. ನಿಮ್ಮ ನೀರಿಗೆ ಶೇ 30 ಬೆರೆತರೆ ಟಿಡಿಎಸ್ 60ರಿಂದ 312ಕ್ಕೆ ಏರುತ್ತೆ. ಕುಡಿಯೋ ನೀರಿನ ಮಿತಿ 500ರ ಒಳಗಿದೆ, ಮೀಟರ್ ನೋಡಿದವರೆಲ್ಲ ಭೇಷ್ ಅಂತಾರೆ. ಆದರೆ ಫ್ಲೋರೈಡ್ 1.23 ಆಗಿರುತ್ತೆ, ಅದರ ಮಿತಿ 1 ದಾಟಿರುತ್ತೆ. ಟಿಡಿಎಸ್ ಪೆನ್ನಿಗೆ ಫ್ಲೋರೈಡ್ ಬೇರೆಯಾಗಿ ಕಾಣಲ್ಲ. ಆ ವಾಲ್ವಿನ ಹಿಡಿ ಬಿಚ್ಚಿಸಿ ಎತ್ತಿಟ್ಟುಬಿಡಿ, ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ಪರೀಕ್ಷೆ ಮಾಡಿಸಿ.

ಗಡಿನಾಡು ಪಾವಗಡ:
ಎಲ್ಲರಿಗೂ ಧನ್ಯವಾದ. ಪಂಚಾಯಿತಿ ಠರಾವಿಗೆ ಅರ್ಜಿ ಕೊಟ್ಟೆ. ಶಾಖೆಯವರು ಈಗ ಬ್ಯಾಂಕ್ ಹೆಸರಿನ ಬೋರ್ಡು 8x4 ಅಡಿ ಇರಬೇಕು ಅಂತಿದ್ದಾರೆ, ಶೆಡ್ಡಿನ ಮುಂಭಾಗವೇ 15 ಅಡಿ.

ಸಹಕಾರಿ ಗದಗ:
ನೋಡ್ರಿ, ಇದಕ್ಕ ಹೇಳಿದ್ದು. ನಮ್ಮ ಸಂಘದ್ದು ಒಂದು ಗ್ರಾನೈಟ್ ಕಲ್ಲು, ಒಂದೂವರೆ ಅಡಿ.

ಲೆಕ್ಕಪುಸ್ತಕ:
ಆ ಕಲ್ಲಿನ ಮೇಲೆ ಹದಿಮೂರು ನಿರ್ದೇಶಕರ ಹೆಸರು ಕೆತ್ತಿಸಿರ್ತೀರಿ, ಅದನ್ನೂ ಹೇಳಿ.

ಘಟಕ ನಂಬರ್ 2:
ಬೋರ್ಡು ಎಷ್ಟಾದರೂ ಇರಲಿ. 5 ರೂಪಾಯಿ ಅಂತ ಬರೆಯೋಕೆ ಜಾಗ ಬಿಡಿಸಿ.