ಶಿವರಾತ್ರಿಯ ನಂತರ ಹಿತ್ತಲಿನ ಗಿಡಗಳು: ಯೂರಿಯಾ ಹಾಕುವ ಮೊದಲು ನೋಡಬೇಕಾದದ್ದು

ಪ್ರಶ್ನೆ (ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ):
ನಮಸ್ಕಾರ ಸರ್. ನಮ್ಮ ಮನೆಯ ಹಿತ್ತಲು ಎರಿ ಮಣ್ಣಿನದು (ಕಪ್ಪು ಜಿಗುಟು ಮಣ್ಣು). ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಪುಣೆಯಲ್ಲಿದ್ದು, ಶಿವರಾತ್ರಿ ಮುಗಿದ ಮೇಲೆ ಮರಳಿದ್ದೇನೆ. ಲಿಂಬೆ ಗಿಡ ಹಳದಿಯಾಗಿದೆ. ಕಂಪೌಂಡಿನ ಅಂಚಿನ ದುಂಡುಮಲ್ಲಿಗೆ ಬರೀ ಕಡ್ಡಿಯಾಗಿ ನಿಂತಿದೆ. ಆಪೂಸ್ ಮಾವು ಹೂ ಬಿಟ್ಟಿದೆಯಾದರೂ ಅದರ ಕೆಳಗಿನ ಎಲೆಗಳೆಲ್ಲ ಅಂಟಂಟಾಗಿ ಕಪ್ಪಾಗಿವೆ. ಮನೆ ನೋಡಿಕೊಂಡವರು ಪ್ರತಿದಿನವೂ ಬೋರ್‌ವೆಲ್ ನೀರು ಬಿಟ್ಟಿದ್ದಾಗಿ ಹೇಳುತ್ತಾರೆ. ಮೂರಕ್ಕೂ ಯೂರಿಯಾ ಹಾಕಿ, ನೀರು ಇನ್ನಷ್ಟು ಬಿಡಿ ಎಂಬುದು ನೆರೆಯವರ ಸಲಹೆ. ಹಾಗೆಯೇ ಮಾಡಲೇ?

ಉತ್ತರ (ತೋಟಗಾರಿಕೆ ತಜ್ಞ, ಧಾರವಾಡ):
ಅಕ್ಕಾರ, ಯೂರಿಯಾ ಚೀಲವನ್ನು ಸದ್ಯಕ್ಕೆ ಬಿಚ್ಚಬೇಡಿ. ನಮ್ಮ ಭಾಗದಲ್ಲಿ ಚಳಿ ಹೋಗಿ ಬಿಸಿಲು ಏರುವುದಕ್ಕೆ ನಡುವೆ ಸಿಗುವುದು ಕೆಲವೇ ವಾರಗಳು. ಈಗ ಹಿತ್ತಲನ್ನು ಪರೀಕ್ಷಿಸುವುದು ಕಳೆದ ಚಳಿಯ ಲೆಕ್ಕ ತೆಗೆಯಲು ಅಲ್ಲ, ಮುಂದಿನ ಏಪ್ರಿಲ್, ಮೇ ತಿಂಗಳುಗಳ ಬಿಸಿಲನ್ನು ಗಿಡ ತಡೆದುಕೊಳ್ಳುವಂತೆ ಮಾಡಲು. ಯೂರಿಯಾದಿಂದ ಬರುವ ಎಳೆಯ ಚಿಗುರು ಆ ಬಿಸಿಲಿಗೂ ರಸ ಹೀರುವ ಹುಳುಗಳಿಗೂ ಮೊದಲ ತುತ್ತಾಗುತ್ತದೆ.

ಮೂರು ಸಂಗತಿಗಳನ್ನು ನೋಡಿ ತಿಳಿಸಿರಿ. ಮಲ್ಲಿಗೆಯ ಕಡ್ಡಿಯನ್ನು ತುದಿಯಿಂದ ಬುಡದ ಕಡೆಗೆ ಅಲ್ಲಲ್ಲಿ ಉಗುರಿನಿಂದ ಕೆರೆದು, ಸಿಪ್ಪೆಯ ಒಳಗೆ ಹಸಿರು ಎಲ್ಲಿಂದ ಕಾಣುತ್ತದೆ ಎಂಬುದನ್ನು ಗಮನಿಸಿ. ಲಿಂಬೆಯ ಬುಡದಿಂದ ಎರಡು ಅಡಿ ದೂರದಲ್ಲಿ ಕುರ್ಚಿಗಿಯಿಂದ (ಕಳೆ ತೆಗೆಯುವ ಕೈ ಉಪಕರಣ) ಗೇಣುದ್ದ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಹಳದಿಯಾಗಿರುವುದು ಹಳೆಯ ಎಲೆಯೋ ಹೊಸ ಎಲೆಯೋ ಎಂಬುದೂ ಬೇಕು. ಮಾವಿನ ಒಂದು ಹೂಗೊಂಚಲನ್ನು ಮೆಲ್ಲಗೆ ಅಲುಗಾಡಿಸಿ.

ಮರುಪ್ರಶ್ನೆ (ಅದೇ ಗೃಹಿಣಿ):
ಮಲ್ಲಿಗೆಯ ಮೇಲಿನ ಭಾಗ ಒಣಗಿದೆ, ಬುಡದಿಂದ ಸುಮಾರು ಒಂದೂವರೆ ಅಡಿ ಹಸಿರಿದೆ. ಪೈಪು ಅಲ್ಲಿಗೆ ಮುಟ್ಟುವುದಿಲ್ಲವೆಂದು ಈಗ ತಿಳಿಯಿತು. ಲಿಂಬೆಯಲ್ಲಿ ಹಳದಿಯಾಗಿರುವುದು ಹೊಸ ಎಲೆಗಳು, ಆದರೆ ಅವುಗಳ ನರಗಳು ಮಾತ್ರ ಹಸಿರಾಗಿವೆ. ಅಲ್ಲಿಯ ಮಣ್ಣು ಕೈಗೆ ಮೆತ್ತಿಕೊಳ್ಳುತ್ತದೆ. ಮಾವಿನ ಹೂವನ್ನು ಅಲುಗಾಡಿಸಿದರೆ ಸಣ್ಣ ಹುಳುಗಳು ಪುಟಪುಟನೆ ಜಿಗಿಯುತ್ತವೆ.

ಉತ್ತರ:
ನೀವು ನೋಡಿದ ರೀತಿ ಬಹಳ ಚೆನ್ನಾಗಿದೆ, ಇದರಿಂದ ಉತ್ತರ ಸುಲಭವಾಯಿತು. ಲಿಂಬೆಗೆ ಆಗಿರುವುದು ಕಬ್ಬಿಣಾಂಶದ ಕೊರತೆ. ಯೂರಿಯಾ ಕೊಡುವ ಸಾರಜನಕ ಕಡಿಮೆಯಾದರೆ ಮೊದಲು ಹಳೆಯ ಎಲೆಗಳು ಹಳದಿಯಾಗುತ್ತವೆ, ಏಕೆಂದರೆ ಗಿಡ ಅವುಗಳಿಂದ ಸಾರಜನಕವನ್ನು ಹಿಂದಕ್ಕೆ ತೆಗೆದುಕೊಂಡು ಚಿಗುರಿಗೆ ಕೊಡುತ್ತದೆ; ಕಬ್ಬಿಣವನ್ನು ಹಾಗೆ ಸಾಗಿಸಲಾರದ ಕಾರಣ ಹೊಸ ಎಲೆಯೇ ಬಿಳಚುತ್ತದೆ. ಎರಿ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿಗೆ ಗಡಸು ಬೋರ್‌ವೆಲ್ ನೀರನ್ನು ದಿನಾಲೂ ಬಿಟ್ಟು ಬೇರಿಗೆ ಗಾಳಿ ಆಡದಂತೆ ಮಾಡಿದಾಗ, ಇದ್ದ ಕಬ್ಬಿಣವೂ ಗಿಡಕ್ಕೆ ದಕ್ಕುವುದಿಲ್ಲ. ಆದ್ದರಿಂದ ಮೊದಲ ಔಷಧಿಯೆಂದರೆ ನೀರು ನಿಲ್ಲಿಸುವುದು. ಗೇಣು ಆಳದ ಮಣ್ಣು ಉಂಡೆ ಕಟ್ಟಿದರೂ ಕೈಗೆ ಮೆತ್ತದಂತಾದ ಮೇಲೆಯೇ ಮತ್ತೆ ನೀರು ಕೊಡಿ, ಸಾಧ್ಯವಾದರೆ ನಲ್ಲಿ ನೀರನ್ನು ಈ ಗಿಡಕ್ಕೆ ಮೀಸಲಿಡಿ. ಜೊತೆಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲವನ್ನು ಕರಗಿಸಿ, ಸಂಜೆ ಎಲೆಗಳ ಮೇಲೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಮಾಡಿ.

ಮಾವಿನಲ್ಲಿ ಇರುವುದು ಜಿಗಿಹುಳು. ಅದು ಸ್ರವಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದಿದೆ. ಹೂ ಅರಳಿರುವಾಗ ಯಾವ ಔಷಧಿಯನ್ನೂ ಹೊಡೆಯಬೇಡಿ, ಏಕೆಂದರೆ ಪರಾಗಸ್ಪರ್ಶ ನಡೆಸುವ ನೊಣ, ಜೇನುಗಳೂ ಸಾಯುತ್ತವೆ. ಕಾಯಿ ಕಚ್ಚಿದ ಬಳಿಕ ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಡನೆ ಕದಡಿ ಸಿಂಪಡಿಸಬಹುದು. ಹೂವಿನ ಕಾಲದಲ್ಲಿ ಮಾವಿಗೆ ನೀರು ಬೇಡ, ಕಾಯಿ ವಟಾಣಿ ಕಾಳಿನಷ್ಟಾದಾಗ ಆರಂಭಿಸಿ.

ಮಲ್ಲಿಗೆ ಬದುಕಿದೆ. ಹಸಿರು ಕಂಡ ಜಾಗಕ್ಕೆ ಕತ್ತರಿಸಿ ಒಂದು ಬುಟ್ಟಿ ತಿಪ್ಪೆ ಗೊಬ್ಬರ ಕೊಡಿ, ಮಿತವಾಗಿ ನೀರುಣಿಸಿ. ಸವರುವ ಕಾಲ ಮಾಗಿಯಲ್ಲೇ ಮುಗಿದಿರುವುದರಿಂದ ಈ ಬಾರಿ ಮೊಗ್ಗು ತಡವಾಗಿ ಬರಬಹುದು, ಯುಗಾದಿಗೆ ಮಾಲೆ ಕಟ್ಟುವ ಆಸೆಯನ್ನು ಮಾತ್ರ ಬಿಡಬೇಕು.

ಪ್ರಶ್ನೆ (ಇನ್ನೊಬ್ಬರು, ಕೆಲಗೇರಿ, ಧಾರವಾಡ):
ಸರ್, ನಮ್ಮದು ಮಸಾರಿ ಮಣ್ಣು (ಕೆಂಪು ಮಣ್ಣು). ನಾವೂ ಹೀಗೆಯೇ ನೀರು ಕಡಿಮೆ ಮಾಡಬೇಕೇ? ದಾಸವಾಳದ ಮೇಲೆ ಬಿಳಿ ಹಿಟ್ಟಿನಂಥ ಹುಳುಗಳೂ ಇವೆ.

ಉತ್ತರ:
ಇಲ್ಲ, ಮಸಾರಿ ನೀರನ್ನು ಬೇಗ ಬಿಟ್ಟುಕೊಡುತ್ತದೆ. ನೀವು ಕಡಿಮೆ ಪ್ರಮಾಣದಲ್ಲಿ, ಆದರೆ ಪದೇ ಪದೇ ಕೊಡಬೇಕು. ದಾಸವಾಳದ್ದು ಹಿಟ್ಟು ತಿಗಣೆ, ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಇರುವೆ. ಹುಳು ಕೂಡಿರುವ ತುದಿಗಳನ್ನು ಕತ್ತರಿಸಿ ಸುಟ್ಟು, ಉಳಿದವನ್ನು ಪೈಪಿನ ನೀರಿನ ರಭಸದಿಂದ ತೊಳೆಯಿರಿ, ಇರುವೆಯ ಸಾಲನ್ನು ತಡೆಯಿರಿ.

ಒಂದು ಮಾತು ಇಬ್ಬರಿಗೂ ಅನ್ವಯಿಸುತ್ತದೆ. ಎರಿ ಮಣ್ಣು ಒಣಗಿ ಬಿರಿಯುವಾಗ ಎಳೆಯ ಬೇರುಗಳನ್ನು ಹರಿದುಹಾಕುತ್ತದೆ, ಮಸಾರಿ ಬಿಸಿಲಿಗೆ ಬೇಗ ಕಾದು ಒಣಗುತ್ತದೆ. ಹಿಂಗಾರಿ ಜೋಳದ ರಾಶಿ ಮುಗಿಯುತ್ತಿರುವ ಈ ದಿನಗಳಲ್ಲಿ ಕಣಿಕಿ (ಜೋಳದ ಒಣ ದಂಟು) ಸುಲಭವಾಗಿ ಸಿಗುತ್ತದೆ. ಅದನ್ನು ಕತ್ತರಿಸಿ ಗಿಡದ ಬುಡದ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ. ಗೆದ್ದಲು ಇರುವ ಹಿತ್ತಲಾದರೆ ವಾರಕ್ಕೊಮ್ಮೆ ಅದನ್ನು ಎತ್ತಿ ನೋಡುತ್ತಿರಬೇಕು.