ಸೋಶಿಯಲ್ ವಿಷನ್‌ನಲ್ಲಿ ಪಿಎಚ್‌ಡಿ: ಮೂರು ವರ್ಷದ್ದೋ, ಐದು ವರ್ಷದ್ದೋ? ಅನುಭವ ಇದ್ದವರು ಹೇಳಿ

ಎರಡು_ನೆರಳು:
ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಕಾಗ್ನಿಟಿವ್ ನ್ಯೂರೋಸೈನ್ಸ್ ಮಾಸ್ಟರ್ಸ್ ಮುಗಿಯುತ್ತಾ ಬಂದಿದೆ, ಇಲ್ಲಿಗೆ ಬಂದು 20 ತಿಂಗಳಾಯಿತು. ಇಬ್ಬರು ಎದುರುಬದುರು ನಿಂತಿದ್ದನ್ನು ಕಂಡ ಕೂಡಲೇ ಇವರು ಜಗಳ ಆಡ್ತಿದ್ದಾರೆ, ಇವರು ಹರಟೆ ಹೊಡೀತಿದ್ದಾರೆ ಅಂತ ಕಣ್ಣಿಗೇ ಹೇಗೆ ಗೊತ್ತಾಗುತ್ತದೆ ಅನ್ನೋದೇ ನನ್ನ ಹುಚ್ಚು (ಇದಕ್ಕೇ ಸೋಶಿಯಲ್ ವಿಷನ್ ಅನ್ನೋದು). ಎರಡು ಕಡೆ ಅರ್ಜಿ ಹಾಕೋಣ ಅಂತಿದ್ದೇನೆ. ಒಂದು ಇದೇ ದೇಶದ ಲ್ಯಾಬ್, ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಹುದ್ದೆ (ಯುರೋಪಿಯನ್ ಒಕ್ಕೂಟದ ಹಣದಲ್ಲಿ ಹಲವು ದೇಶದ ಲ್ಯಾಬ್‌ಗಳು ಸೇರಿ ನಡೆಸುವ ಪಿಎಚ್‌ಡಿ ಯೋಜನೆ), 36 ತಿಂಗಳ ಸಂಬಳ, ಪ್ರಾಜೆಕ್ಟ್ ಏನು ಅಂತ ಮೊದಲೇ ಬರೆದಿಟ್ಟಿದ್ದಾರೆ. ಇನ್ನೊಂದು ಅಮೆರಿಕದ್ದು, ಐದು ವರ್ಷ, ಮೊದಲ ವರ್ಷ ಮೂರು ಲ್ಯಾಬ್‌ಗಳಲ್ಲಿ ರೊಟೇಶನ್, ಅಂದರೆ ಸರದಿಯಂತೆ ಕೆಲಸ. ಮೊದಲನೆಯದಕ್ಕೆ ಅರ್ಜಿ ಹಾಕಲು ಇನ್ನು 12 ದಿನ ಇದೆ. ನನ್ನ ಕೋಡಿಂಗ್ ಅಷ್ಟಕ್ಕಷ್ಟೇ. ಯಾವುದಕ್ಕೆ ಹೆಚ್ಚು ಒತ್ತು ಕೊಡಲಿ?

ಏಳನೇ_ವರ್ಷ:
ಮೂರು ಐದು ಅಂತೆಲ್ಲ ಲೆಕ್ಕ ಇಟ್ಟುಕೊಳ್ಳಬೇಡಿ. ನಾನೂ ನಾಲ್ಕು ಅಂದುಕೊಂಡು ಬಂದವನೇ. ನನ್ನದು ಎಫ್‌ಎಂಆರ್‌ಐ (ಸ್ಕ್ಯಾನರಿನಲ್ಲಿ ಮೆದುಳಿನ ರಕ್ತದ ಹರಿವು ನೋಡೋದು), ಎಸ್‌ಟಿಎಸ್ ಮೇಲೆ, ಅಂದರೆ ಮೆದುಳಿನ ಪಕ್ಕದಲ್ಲಿರುವ ಒಂದು ಉದ್ದನೆಯ ಮಡಿಕೆ. ಎಥಿಕ್ಸ್ ಸಮಿತಿಯ ಒಪ್ಪಿಗೆಗೆ 7 ತಿಂಗಳು. ಅದರಲ್ಲಿ 3 ತಿಂಗಳು ಅರ್ಜಿಯಲ್ಲಿ ‘ವಿಡಿಯೋ’ ಅಂತ ಬರೆದದ್ದನ್ನು ‘ಚಲಿಸುವ ಚುಕ್ಕಿಗಳು’ ಅಂತ ತಿದ್ದೋದಕ್ಕೇ ಹೋಯಿತು. ಒಟ್ಟು 41 ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿದೆ. ತಲೆ ಅಲ್ಲಾಡಿಸಿ ಡೇಟಾ ಹಾಳು ಮಾಡಿದವರು 6, ನಿದ್ದೆ ಹೋದವರು 3, ಅರ್ಧಕ್ಕೇ ಗುಂಡಿ ಒತ್ತಿ ಹೊರಗೆ ಬಂದವರು 2. ಉಳಿದ 30 ಜನರಲ್ಲಿ 8 ಜನಕ್ಕೆ ಲೋಕಲೈಸರ್ (ಬೇಕಾದ ಜಾಗ ಹುಡುಕುವ ಚಿಕ್ಕ ಪರೀಕ್ಷೆ) ಹಾಕಿದರೂ ಇಬ್ಬರ ಒಡನಾಟಕ್ಕೆ ಸ್ಪಂದಿಸುವ ಜಾಗವೇ ಸಿಗಲಿಲ್ಲ. 2017ರಲ್ಲಿ ಇಸಿಕ್, ಕಾನ್ವಿಶರ್ ಮತ್ತಿತರರು ಎಸ್‌ಟಿಎಸ್‌ನ ಹಿಂಭಾಗದಲ್ಲಿ ತೋರಿಸಿದ್ದೂ ಇದೇ ಜಾಗವನ್ನೇ. ಅವರ ಚಿತ್ರದಲ್ಲಿ ನೋಡಿದರೆ ಎಷ್ಟು ಸಲೀಸು! ಸರಿ, 22 ಜನ ಉಳಿದರು ಅನ್ನುವಷ್ಟರಲ್ಲಿ ಸ್ಕ್ಯಾನರ್ ಅಪ್‌ಗ್ರೇಡ್ ಮಾಡಿದರು. ಹಳೇದು ಹೊಸದು ಬೆರೆಸಬೇಡ ಅಂದರು ಗೈಡ್. ಮತ್ತೆ ಸೊನ್ನೆಯಿಂದ. ಸ್ಲಾಟ್ ಸಿಗುತ್ತಿದ್ದದ್ದು ಭಾನುವಾರ ಸಂಜೆ ಏಳರ ಮೇಲೆ.

ಮಂಗನ_ಪಾಡು:
ನಿದ್ದಿ ಹೋದವರ ಲೆಕ್ಕ ಕೊಡ್ತೀರಲ್ರಿ, ನಮ್ಮ ಕಥಿ ಕೇಳ್ರಿ. ನಂದು ಮಕಾಕ್ ಮಂಗ, ಮೆದುಳಿನೊಳಗ ಎಲೆಕ್ಟ್ರೋಡ್ ಇಳಿಸಿ ರೆಕಾರ್ಡಿಂಗ್. ತಲಿ ಅಲ್ಲಾಡಿಸದ ಕುಂತು ಪರದೆ ಮ್ಯಾಲಿನ ಚುಕ್ಕಿ ನೋಡೋದು ಕಲಿಸಲಿಕ್ಕೇ 14 ತಿಂಗಳು. ಎರಡನೇ ಮಂಗನ ಹೆಡ್‌ಪೋಸ್ಟ್ (ತಲಿ ಅಲ್ಲಾಡದಂಗ ಬುರುಡಿಗೆ ಕೂರಿಸೋ ಗೂಟ) ಸಡಿಲಾತು, ಮತ್ತ ಆಪರೇಷನ್, ಮತ್ತ 5 ತಿಂಗಳು ಕಾಯೋದು. ರಜಾ ಅನ್ನೋದು ಗೊತ್ತಿಲ್ಲ, ದಿನಾ ಹೋಗಬೇಕು, ಜ್ವರ ಬಂದರೂ. ಆದರ ಒಂದು ಹೇಳ್ತೀನಿ, ಜೀವಕೋಶ ಪಟಪಟ ಅಂತ ಸ್ಪೀಕರಿನ್ಯಾಗ ಮಾತಾಡೋದು ಕೇಳಿದ ಮ್ಯಾಲೆ ಸ್ಕ್ಯಾನ್ ಚಿತ್ರದಾಗಿನ ಬಣ್ಣದ ಮಚ್ಚಿ ನೋಡಿ ಖುಷಿ ಪಡೋ ಮನಸ್ಸು ಬರೂದಿಲ್ಲ. 2006ರಾಗ ಸಾವೋ, ಫ್ರೈವಾಲ್ಡ್ ಮಂಗನ ಮೆದುಳಿನ ಒಂದು ಫೇಸ್ ಪ್ಯಾಚ್‌ನ್ಯಾಗ (ಮುಖ ಕಂಡರ ಚುರುಕಾಗೋ ಜಾಗ) ಎಲೆಕ್ಟ್ರೋಡ್ ಇಳಿಸಿದಾಗ ನೋಟಕ್ಕ ಸ್ಪಂದಿಸೋ ಕೋಶಗಳೊಳಗ 97% ಮುಖಕ್ಕ ಮೀಸಲು ಅಂತ ಸಿಕ್ಕಿತು. ರಕ್ತ ಹರಿಯೋದು ನೋಡಿ ಇದು ಸಿಗತದೇನು? ನಿಮ್ಮ ವಿಧಾನದ ಹಣೆಬರಹ 2016ರಾಗ ಎಕ್ಲುಂಡ್ ಬರದಾರ. 5% ಅಂತ ಹೇಳಿಕೊಂಡ ಸುಳ್ಳು ಫಲಿತಾಂಶ 70% ತನಕ ಹೋಗಿತ್ತು.

ಏಳನೇ_ವರ್ಷ:
ಬಂತಪ್ಪ ಎಕ್ಲುಂಡ್! ಯಾರೇ ಬರಲಿ, ಇದೊಂದನ್ನು ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ಆ 70% ಕ್ಲಸ್ಟರ್ ಲೆಕ್ಕದ್ದು (ಒಟ್ಟಿಗೆ ಬೆಳಗುವ ಅಕ್ಕಪಕ್ಕದ ಚುಕ್ಕಿಗಳ ಗುಂಪಿನದು), ಅದೂ ಕೆಲವು ಸೆಟ್ಟಿಂಗ್‌ಗಳಲ್ಲಿ ಸಿಕ್ಕ ಅತಿ ಕೆಟ್ಟ ಅಂಕಿ. ಚುಕ್ಕಿಯನ್ನು ಗುಂಪಿಗೆ ಸೇರಿಸುವ ಮೊದಲ ಗಡಿಯನ್ನು 0.01ರ ಬದಲು 0.001 ಇಟ್ಟರೆ ಎಷ್ಟೋ ಇಳಿಯುತ್ತದೆ. ನಾನು ಪರ್ಮ್ಯುಟೇಶನ್ (ಡೇಟಾವನ್ನೇ ಅದಲುಬದಲು ಮಾಡಿ ಪರೀಕ್ಷಿಸೋದು) ಹಾಕಿದವನು. ನಿಮ್ಮದು ಎರಡು ಮಂಗ, ಅದರಲ್ಲೊಂದು ಅರ್ಧ. ಒಂದೂವರೆ ಮಂಗ ನೋಡಿ ‘ಪ್ರೈಮೇಟ್ ಮೆದುಳು’ ಅಂತ ಶೀರ್ಷಿಕೆ ಕೊಡೋದು ಯಾವ ಸಂಖ್ಯಾಶಾಸ್ತ್ರ?

ಜೆಲ್_ಕೈ:
ಇಬ್ಬರೂ ಸುಮ್ಮನೆ ಹೊಡೆದಾಡ್ತೀರಿ. ರಕ್ತದ ಸಿಗ್ನಲ್ ಶಿಖರಕ್ಕೆ ಬರುವಷ್ಟರಲ್ಲಿ ಐದಾರು ಸೆಕೆಂಡ್ ಆಗಿರುತ್ತದೆ. ಅಷ್ಟರಲ್ಲಿ ಮೆದುಳು ಮುಖ ನೋಡಿ, ಗುರುತು ಹಿಡಿದು, ಸಿಟ್ಟು ಮಾಡಿಕೊಂಡು ಸಮಾಧಾನವೂ ಆಗಿರುತ್ತದೆ. ಇಇಜಿಯಲ್ಲಿ (ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮೆದುಳಿನ ವಿದ್ಯುತ್ ಅಲೆ ಅಳೆಯೋದು) 170 ಮಿಲಿಸೆಕೆಂಡಿಗೆಲ್ಲ ಮುಖದ ಅಲೆ ಎದ್ದು ಕಾಣುತ್ತದೆ. ನಾನು ಅಂದುಕೊಂಡ ಅವಧಿಯಲ್ಲೇ ಮುಗಿಸಿದೆ. ಮೂರು ವರ್ಷ ಎರಡು ತಿಂಗಳು. ಯಾರ ಸ್ಲಾಟಿಗೂ ಕಾಯಲಿಲ್ಲ. 64 ಎಲೆಕ್ಟ್ರೋಡ್, ಒಬ್ಬರಿಗೆ ಜೆಲ್ ಹಾಕೋದಕ್ಕೆ 45 ನಿಮಿಷ, ದಟ್ಟ ಕೂದಲಿದ್ದರೆ ಒಂದು ಗಂಟೆಯ ಮೇಲೆ. ಒಟ್ಟು 96 ತಲೆ. ಅವರ ತಲೆ ತೊಳೆಯೋದಕ್ಕೆ ಬಿಸಿನೀರು ಬರುತ್ತಿರಲಿಲ್ಲ, ನಾನೇ ಕೆಟಲ್ ಇಟ್ಟಿದ್ದೆ. ಬೆರಳ ಸಂದಿಯ ಚರ್ಮ ಇವತ್ತಿಗೂ ಸುಲಿಯುತ್ತದೆ, ಪರವಾಗಿಲ್ಲ.

ಏಳನೇ_ವರ್ಷ:
ಮೆದುಳಿನ ಯಾವ ಜಾಗದಲ್ಲಿ ಎದ್ದ ಅಲೆ ಅಂತ ಕೇಳಿದರೆ ಮಾತ್ರ ‘ಹಿಂದುಗಡೆ ಎಲ್ಲೋ’.

ಖಾಲಿ_ಜಿಪಿಯು:
ನಾನು ಒಬ್ಬರ ತಲೆಯನ್ನೂ ಮುಟ್ಟದೆ ಪಿಎಚ್‌ಡಿ ಮಾಡಿದವನು, ಬೈಯಲು ಸಿದ್ಧರಾಗಿ. ನ್ಯಾಚುರಲ್ ಸೀನ್ಸ್ ಡೇಟಾಸೆಟ್ ಅಂತ ಎಲ್ಲರಿಗೂ ತೆರೆದಿಟ್ಟ ಎಫ್‌ಎಂಆರ್‌ಐ ಡೇಟಾ ಇದೆಯಲ್ಲ, 8 ಜನ, 7 ಟೆಸ್ಲಾದ ಬಲವಾದ ಸ್ಕ್ಯಾನರ್, ಒಬ್ಬೊಬ್ಬರಿಗೆ 30ರಿಂದ 40 ಸೆಷನ್. ಅದನ್ನೇ ಇಳಿಸಿಕೊಂಡು ಅದರ ಮೇಲೆ ನ್ಯೂರಲ್ ನೆಟ್‌ವರ್ಕ್ ಕೂರಿಸಿದೆ. ಡಿಸ್ಕ್ ಎರಡು ಸಲ ತುಂಬಿತು, ಒಂದು ಸಲ 19 ದಿನ ಓಡಿದ ಟ್ರೈನಿಂಗ್ ಕರೆಂಟ್ ಹೋಗಿ ಸತ್ತಿತು (ನಡುನಡುವೆ ಉಳಿಸಿಡುವ ಚೆಕ್‌ಪಾಯಿಂಟ್ ಇಟ್ಟಿರಲಿಲ್ಲ, ನನ್ನದೇ ತಪ್ಪು). ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಅವೆಲ್ಲ ನಿಂತ ಚಿತ್ರಗಳು. ಇಬ್ಬರ ನಡುವೆ ಏನು ನಡೀತಿದೆ ಅನ್ನೋದು ಚಲನೆಯಲ್ಲಿರುತ್ತದೆ. 2021ರಲ್ಲಿ ಪಿಚರ್, ಉಂಗರ್‌ಲೈಡರ್ ‘ಮೂರನೇ ದೃಷ್ಟಿ ಮಾರ್ಗ’ ಇದೆ, ಅದು ಎಸ್‌ಟಿಎಸ್‌ಗೆ ಹೋಗುತ್ತದೆ, ಚಲಿಸುವ ಮುಖ, ಚಲಿಸುವ ದೇಹ ಅದರ ಕೆಲಸ ಅಂತ ವಾದಿಸಿದರಲ್ಲ, ರಿವ್ಯೂಯರ್ ಅದನ್ನೇ ಎತ್ತಿಕೊಂಡು ನನ್ನ ಎರಡು ವರ್ಷದ ಕೆಲಸವನ್ನು ಒಂದು ಪ್ಯಾರಾದಲ್ಲಿ ಮಲಗಿಸಿದರು.

ಜೆಲ್_ಕೈ:
ಬೇರೆಯವರು ಮಾಡಿದ ಅಡುಗೆ ಬಡಿಸಿಕೊಂಡು ಉಪ್ಪು ಕಡಿಮೆ ಅಂದ ಹಾಗಾಯಿತು.

ಖಾಲಿ_ಜಿಪಿಯು:
ಅಡುಗೆ ಮಾಡಿದವರೇ ತಿನ್ನಿ ಅಂತ ಹೊರಗೆ ಇಟ್ಟಿದ್ದಾರೆ. ನಿಮ್ಮ 96 ತಲೆಯ ಡೇಟಾ ಎಲ್ಲಿದೆ, ಲಿಂಕ್ ಕೊಡಿ ನೋಡೋಣ.

ಜೆಲ್_ಕೈ:
ಒಪ್ಪಿಗೆ ಪತ್ರದಲ್ಲಿ ಹಂಚಿಕೊಳ್ಳುವ ಮಾತು ಬರೆದಿರಲಿಲ್ಲ. ಆಗ ಯಾರೂ ಬರೆಯುತ್ತಿರಲಿಲ್ಲ.

ಮಂಗನ_ಪಾಡು:
ಎಲ್ಲರೂ ಬರೀತಿದ್ದರು ಬಿಡ್ರಿ.

ಬಿಟ್ಟು_ಬಂದವಳು:
ವಿಧಾನದ ಮೇಲೆ ಇಷ್ಟು ಕಿತ್ತಾಡ್ತೀರಿ, ಗೈಡ್ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಮೂರನೇ ವರ್ಷದಲ್ಲಿದ್ದಾಗ ನನ್ನ ಗೈಡ್ ಬೇರೆ ಖಂಡಕ್ಕೆ ಹೊರಟರು. ಮಂಗಳವಾರ ಮೀಟಿಂಗಿನಲ್ಲಿ, ಕೊನೆಯ ವಿಷಯವಾಗಿ, ಹೇಳಿದರು. ಬೇಕಾದರೆ ಬಾ, ಆದರೆ ಎಥಿಕ್ಸ್ ಮತ್ತೆ ತಗೋಬೇಕು, ಸ್ಕ್ಯಾನರ್ ಬೇರೆ ಕಂಪನಿಯದು ಅಂದರು. ಹೋಗದಿದ್ದರೆ ಅಲ್ಲೇ ಉಳಿದ ಇನ್ನೊಬ್ಬರ ಕೈಕೆಳಗೆ, ಅವರದು ಕೀಟಗಳ ಘ್ರಾಣ. ಮುಖದಿಂದ ಮೂಗಿಗೆ ಬಂದಂತಾಯಿತು. 8 ತಿಂಗಳು ವಾರಕ್ಕೊಮ್ಮೆ ವಿಡಿಯೋ ಕಾಲ್, ಅದರಲ್ಲಿ ನಡೆದದ್ದು 11. ನಾನು ಬರೆದಿಟ್ಟಿದ್ದೇನೆ, ತಾರೀಖು ಸಮೇತ. ಕೊನೆಗೆ ಬಿಟ್ಟೆ. ಈಗ ಕೆಲಸ ಚೆನ್ನಾಗಿದೆ, ಆದರೂ ಹೊಸ ಎಸ್‌ಟಿಎಸ್ ಪೇಪರ್ ಬಂದರೆ ರಾತ್ರಿ ಕೂತು ಓದುತ್ತೇನೆ.

ಏಳನೇ_ವರ್ಷ:
ಗೈಡ್ ಹೋದರೆ ಹೋಗಲಿ, ಡೇಟಾ ನಿಮ್ಮ ಹತ್ತಿರ ಇತ್ತಲ್ಲ. ಬರೆದು ಮುಗಿಸಬಹುದಿತ್ತು.

ಬಿಟ್ಟು_ಬಂದವಳು:
ಏಳು ವರ್ಷವಾದರೂ ಮುಗಿಸದವರು ನನಗೆ ಮುಗಿಸೋದು ಹೇಳಿಕೊಡಬೇಡಿ.

ಎರಡು_ನೆರಳು:
ಎಲ್ಲರಿಗೂ ಧನ್ಯವಾದ, ಬಹಳ ಕಲಿತೆ. ಆದರೆ ನನ್ನ ಪ್ರಶ್ನೆ ಮೂರು ವರ್ಷದ ಹುದ್ದೆಯೋ ರೊಟೇಶನ್ನೋ ಅಂತ ಇತ್ತು...

ಸಣ್ಣಕ್ಷರ_ಓದಿ:
ತಂಗಿ, ನಿಮ್ಮ ಎರಡನೇ ಸಾಲನ್ನು ಇಲ್ಲಿ ಯಾರೂ ಓದಿಲ್ಲ. ಜರ್ಮನಿಗೆ ಬಂದು 20 ತಿಂಗಳಾಯಿತು ಅಂದಿರಿ. ಮೇರಿ ಕ್ಯೂರಿ ನೆಟ್‌ವರ್ಕ್ ಹುದ್ದೆಗೆ ಒಂದು ನಿಯಮ ಇದೆ: ನೇಮಕದ ದಿನದಿಂದ ಹಿಂದಿನ 36 ತಿಂಗಳಲ್ಲಿ, ಕೆಲಸ ಕೊಡುವ ಸಂಸ್ಥೆಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸ, ಓದು, ಕೆಲಸ ಏನೂ ಮಾಡಿರಬಾರದು. ರಜೆಗೆ ಬಂದು ಹೋದದ್ದು ಲೆಕ್ಕಕ್ಕಿಲ್ಲ, ಮಾಸ್ಟರ್ಸ್ ಓದಿದ್ದು ಲೆಕ್ಕಕ್ಕಿದೆ. ಆ ಜರ್ಮನಿಯ ಹುದ್ದೆಗೆ ನೀವು ಅರ್ಹರೇ ಅಲ್ಲ. ನನಗೆ ಇದು ಗೊತ್ತಾದದ್ದು ಎರಡು ಸಂದರ್ಶನ, ಒಂದು ಪ್ರೆಸೆಂಟೇಶನ್ ಮುಗಿಸಿ, ಮನೆ ಖಾಲಿ ಮಾಡ್ತೀನಿ ಅಂತ ನೋಟಿಸ್ ಕೊಟ್ಟ ಮೇಲೆ, ಕರಾರು ಬರೆಯುವ ಹೊತ್ತಿಗೆ. ನನ್ನದು 13 ತಿಂಗಳಾಗಿತ್ತು. ಆದರೆ ನಿಯಮ ಇರೋದು ದೇಶಕ್ಕೆ, ನೆಟ್‌ವರ್ಕಿಗೆ ಅಲ್ಲ. ಅದೇ ನೆಟ್‌ವರ್ಕಿನಲ್ಲಿ ಬೇರೆ ದೇಶದ ಲ್ಯಾಬುಗಳೂ ಹುದ್ದೆ ಕರೆದಿರುತ್ತವೆ. ಇವತ್ತೇ ಆ ಪಟ್ಟಿ ತೆಗೆದು ನೋಡಿ.

ಎರಡು_ನೆರಳು:
ಅಯ್ಯೋ. ಪ್ರಕಟಣೆಯಲ್ಲಿ ಕೊನೆಗೆ ಇದೆ, ಈಗ ನೋಡಿದೆ. ನೆದರ್ಲೆಂಡ್ಸ್‌ನದೊಂದು ಇದೆ, ವಿಷಯ ಕಣ್ಣೋಟದ ದಿಕ್ಕು. ಅದಕ್ಕೂ ಅದೇ 12 ದಿನ. ತುಂಬಾ ಥ್ಯಾಂಕ್ಸ್ ಅಕ್ಕ.

ಏಳನೇ_ವರ್ಷ:
ಕಣ್ಣೋಟದ ದಿಕ್ಕಾದರೆ ಐ ಟ್ರ್ಯಾಕರ್ ಬೇಕಾಗುತ್ತದೆ. ಸ್ಕ್ಯಾನರಿನೊಳಗೆ ಅದರ ಕ್ಯಾಲಿಬ್ರೇಶನ್‌ಗೇ ನನಗೆ ಒಬ್ಬೊಬ್ಬರ ಹತ್ತಿರ 20 ನಿಮಿಷ ಹೋಗಿದೆ, ಕನ್ನಡಕ ಹಾಕಿದವರಂತೂ...

ಮಂಗನ_ಪಾಡು:
ಮಂಗ ಕನ್ನಡಕ ಹಾಕೂದಿಲ್ಲ.