ಪದಚರ್ಚೆ: ಚಾಲೆಂಜ್-ರೆಸ್ಪಾನ್ಸ್‌ಗೆ ‘ಸವಾಲು-ಜವಾಬು’ ಅನ್ನಬಹುದಾ? ‘ಪ್ರತಿಕ್ರಿಯೆ’ ಯಾಕೋ ಒಪ್ಪಲ್ಲ

ಎಲ್ರಿಗೂ ನಮಸ್ಕಾರ. ಮಂಡ್ಯ ಕಡೆ ಹಾಲಿನ ಸೊಸೈಟಿಗಳಲ್ಲಿ ಬಳಸೋ ಲೆಕ್ಕದ ಸಾಫ್ಟ್‌ವೇರ್ ಒಂದಕ್ಕೆ ಕನ್ನಡದಲ್ಲಿ ಕೈಪಿಡಿ ಬರೀತಿದೀನಿ. ಓದೋರು ಸೊಸೈಟಿ ಸೆಕ್ರೆಟರಿಗಳು ಮತ್ತೆ ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗ್ರು. ಲಾಗಿನ್ ಅಧ್ಯಾಯದಲ್ಲಿ ‘ಚಾಲೆಂಜ್-ರೆಸ್ಪಾನ್ಸ್’ ಅನ್ನೋ ಪದದ ಹತ್ರ ನಿಂತ್ಬಿಟ್ಟಿದೀನಿ, ನಿಮ್ಮೆಲ್ಲರ ಅಭಿಪ್ರಾಯ ಬೇಕು.

ವಿಷಯ ಇಷ್ಟು. ಪಾಸ್‌ವರ್ಡ್ ಟೈಪ್ ಮಾಡಿದ್ರೂ ಅದು ಹಾಗೇ ವೈರ್ ಮೇಲೆ ಹೋಗಲ್ಲ. ಮೊದ್ಲು ಸರ್ವರ್ ಒಂದು ಸಂಖ್ಯೆ ಕಳಿಸುತ್ತೆ, ಪ್ರತಿ ಸಲ ಹೊಸದು, ಯಾರೂ ಮುಂಚೆ ಊಹಿಸಕ್ಕಾಗದ್ದು, ಬ್ರೌಸರ್ ಆ ಸಂಖ್ಯೆನೂ ಪಾಸ್‌ವರ್ಡೂ ಸೇರಿಸಿ ಹ್ಯಾಶ್ (ಉತ್ತರದಿಂದ ಮೂಲಕ್ಕೆ ವಾಪಸ್ ಹೋಗಕ್ಕಾಗದ ಲೆಕ್ಕ) ಹಾಕಿ ಬಂದಿದ್ದನ್ನ ಮಾತ್ರ ವಾಪಸ್ ಕಳಿಸುತ್ತೆ, ಸರ್ವರ್ ತನ್ನ ಕಡೆನೂ ಅದೇ ಲೆಕ್ಕ ಮಾಡಿ ಎರಡನ್ನೂ ತಾಳೆ ನೋಡುತ್ತೆ. ಮಧ್ಯದಲ್ಲಿ ಕದ್ದು ಕೇಳಿದವನಿಗೆ ಸಿಗೋದು ಇವತ್ತಿನ ಉತ್ತರ ಮಾತ್ರ, ನಾಳೆ ಅದು ನಡಿಯಲ್ಲ. ನಮ್ಮೆಲ್ಲರ ಜೇಬಲ್ಲಿರೋ ಸಿಮ್ಮೂ ಇದನ್ನೇ ಮಾಡೋದು: ಜಿಎಸ್‌ಎಂ ಅನ್ನೋ ಮೊಬೈಲ್ ವ್ಯವಸ್ಥೆಯಲ್ಲಿ ನೆಟ್‌ವರ್ಕ್ 128 ಬಿಟ್‌ನ ಸಂಖ್ಯೆ ಕೊಡುತ್ತೆ, ಸಿಮ್ ತನ್ನೊಳಗಿನ ಕೀ (ಗುಟ್ಟಿನ ಸಂಖ್ಯೆ) ಹಚ್ಚಿ 32 ಬಿಟ್‌ನ ಉತ್ತರ ಕೊಡುತ್ತೆ, ಕೀ ಮಾತ್ರ ಸಿಮ್ ಬಿಟ್ಟು ಆಚೆ ಬರಲ್ಲ.

ಇದಕ್ಕೆ ‘ಸವಾಲು-ಪ್ರತಿಕ್ರಿಯೆ’ ಅಂತ ಬರೆದಿರೋದನ್ನ ನೋಡಿದೀನಿ. ನನಗೆ ಒಪ್ಪಿಗೆ ಆಗಲ್ಲ. ಪ್ರತಿಕ್ರಿಯೆ ಅಂದ್ರೆ ಮಂತ್ರಿಗಳು ಪತ್ರಕರ್ತರಿಗೆ ಕೊಡೋದು, ಓದುಗರು ಲೇಖನಕ್ಕೆ ಬರೆಯೋದು. ಅದರಲ್ಲಿ ಸರಿ ತಪ್ಪು ಅನ್ನೋದೇ ಇರಲ್ಲ, ಇಲ್ಲಿ ಇರೋದೇ ಸರಿ ಅಥವಾ ತಪ್ಪು, ಒಂದು ಬಿಟ್ ಹೆಚ್ಚುಕಮ್ಮಿ ಆದ್ರೂ ಒಳಗೆ ಬಿಡಲ್ಲ.

ಸವಾಲು ಅನ್ನೋ ಪದದ ಬಗ್ಗೆನೂ ಯೋಚನೆ ಬಂತು. ಈಗಿನ ಪೇಪರ್ ಕನ್ನಡದಲ್ಲಿ ಸವಾಲು ಅಂದ್ರೆ ಕಷ್ಟ ಅಂತಲೇ ಆಗೋಗಿದೆ, ‘ಸರ್ಕಾರಕ್ಕೆ ದೊಡ್ಡ ಸವಾಲು’ ಅನ್ನೋ ತರ. ಆದ್ರೆ ಅರಬ್ಬಿ-ಪಾರಸಿ ಕಡೆಯಿಂದ ಬಂದ ಈ ಪದದ ಮೂಲ ಅರ್ಥ ಪ್ರಶ್ನೆ, ಜವಾಬು ಅಂದ್ರೆ ಉತ್ತರ, ಮತ್ತೆ ಆ ಅರ್ಥ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ಕೋರ್ಟಲ್ಲಿ ಇವತ್ತಿಗೂ ಪಾಟಿ ಸವಾಲು ಅಂತಾರೆ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಲಾವಣಿಯಲ್ಲಿ ಒಂದು ಮೇಳ ಸವಾಲ್ ಹಾಕಿದ್ರೆ ಇನ್ನೊಂದು ಅಲ್ಲೇ ಜವಾಬ್ ಹಾಡಬೇಕು. ಜೋಡಿಪದ ಸಿದ್ಧವಾಗಿ ಕೂತಿದೆ, ಅದನ್ನ ಬಿಟ್ಟು ಪ್ರತಿಕ್ರಿಯೆ ಯಾಕೆ ಎಳ್ಕೊಂಡು ಬರಬೇಕು? ಆದ್ರೆ ನಮ್ಮ ಕಡೆ ಹಳ್ಳಿಗಳಲ್ಲಿ ಸವಾಲು ಕೂಗೋದು ಅಂದ್ರೆ ಹರಾಜು ಅನ್ನೋದೇ ಮೊದ್ಲು ತಲೆಗೆ ಬರುತ್ತೆ, ಅದೊಂದು ತೊಡಕು ಇದೆ.

ಬೇರೆ ಪದಗಳನ್ನೂ ತೂಗಿ ನೋಡಿದೆ. ಒಗಟು ಅಂದ್ರೆ ಬುದ್ಧಿ ಇರೋ ಯಾರು ಬೇಕಾದ್ರೂ ಬಿಡಿಸಬಹುದು, ಒಂದ್ಸಲ ಬಿಡಿಸಿದ್ರೆ ಉತ್ತರ ಎಂದಿಗೂ ಅದೇ, ಇಲ್ಲಿ ಎರಡೂ ಆಗಬಾರದು. ‘ಓಗೊಡು’ ಅನ್ನೋದು ನನಗೆ ತುಂಬಾ ಇಷ್ಟವಾದ ಪದ, ಕರೆದಾಗ ಓ ಅನ್ನೋದು ಎಷ್ಟು ಚೆಂದ, ಆದ್ರೆ ಓ ಅಂತ ಯಾರು ಬೇಕಾದ್ರೂ ಅನ್ನಬಹುದಲ್ವಾ, ಗುಟ್ಟು ಗೊತ್ತಿರೋನೇ ಅನ್ನೋ ಖಾತ್ರಿ ಅದರಲ್ಲಿಲ್ಲ. ಎದುರುತ್ತರ ಬೇಡವೇ ಬೇಡ, ಅದು ಜಗಳದ ಮಾತು.

ಇನ್ನೊಂದು ದಾರಿ ಸ್ಕ್ರ್ಯಾಮ್ ಪ್ರೊಟೊಕಾಲ್ (ಇದೇ ತರದ ಲಾಗಿನ್ ಪದ್ಧತಿ) ನೋಡುವಾಗ ಹೊಳೀತು. 1997ರ ಆರ್‌ಎಫ್‌ಸಿ 2195ರಲ್ಲಿ (ಆರ್‌ಎಫ್‌ಸಿ ಅಂದ್ರೆ ಇಂಟರ್‌ನೆಟ್ ಪದ್ಧತಿಗಳನ್ನ ವಿವರಿಸೋ ದಾಖಲೆ) ಬಂದ ಕ್ರ್ಯಾಮ್-ಎಂಡಿ5 ಅನ್ನೋ ಹಳೇ ಪದ್ಧತಿಯಲ್ಲಿ ಸರ್ವರ್ ಕೂಡ ಪಾಸ್‌ವರ್ಡನ್ನ ಅಥವಾ ಅದಕ್ಕೆ ಸಮನಾದ್ದನ್ನ ಇಟ್ಕೊಂಡಿರಲೇಬೇಕು, ಆ ಪಟ್ಟಿ ಕದ್ದೋನು ಸೀದಾ ಲಾಗಿನ್ ಆಗಬಹುದು. 2010ರ ಆರ್‌ಎಫ್‌ಸಿ 5802ರ ಸ್ಕ್ರ್ಯಾಮ್‌ನಲ್ಲಿ ಸರ್ವರ್ ಹತ್ರ ತಾಳೆ ನೋಡೋಕೆ ಬೇಕಾದಷ್ಟೇ ಇರುತ್ತೆ, ಅಷ್ಟರಿಂದಲೇ ಬೇರೆಯವರ ಹೆಸರಲ್ಲಿ ಒಳಗೆ ಹೋಗಕ್ಕಾಗಲ್ಲ (ಪೋಸ್ಟ್‌ಗ್ರೆಸ್ ಡೇಟಾಬೇಸ್ 2017ರ 10ನೇ ಆವೃತ್ತಿಯಿಂದ ಇದನ್ನ ಬಳಸುತ್ತೆ). ಅಲ್ಲಿ ಬಳಕೆದಾರನ ಕಡೆಯಿಂದ ಹೋಗೋದಕ್ಕೆ ಪ್ರೂಫ್ ಅಂತಲೇ ಹೆಸರು. ಪ್ರೂಫ್ ಅಂದ ತಕ್ಷಣ ರುಜುವಾತು ನೆನಪಾಯ್ತು, ನಮ್ಮ ಮೈಸೂರು ಕಡೆ ತಾಲ್ಲೂಕು ಆಫೀಸಿಗೆ ಅಲೆದಿರೋರಿಗೆಲ್ಲ ಗೊತ್ತಿರೋ ಪದ. ‘ಗುಟ್ಟು ಬಿಟ್ಟುಕೊಡದೆ ಗುಟ್ಟು ಗೊತ್ತಿದೆ ಅಂತ ರುಜುವಾತು ಮಾಡೋದು’ ಅಂದ್ರೆ ಒಂದೇ ವಾಕ್ಯದಲ್ಲಿ ವಿಷಯ ಮುಗಿದೋಯ್ತು. ಆದ್ರೆ ಕ್ರೆಡೆನ್ಷಿಯಲ್ಸ್‌ಗೂ ಕೆಲವು ಕಡೆ ರುಜುವಾತು ಅಂತ ಹಾಕ್ತಾರೆ, ಅಂದ್ರೆ ಯೂಸರ್‌ನೇಮ್ ಪಾಸ್‌ವರ್ಡಿಗೇ. ಗುಟ್ಟಿಗೂ ಅದರ ಪುರಾವೆಗೂ ಒಂದೇ ಹೆಸರಾದ್ರೆ ಕೈಪಿಡಿ ಕೆಟ್ಟೋಗುತ್ತೆ.

ಹ್ಯಾಶ್‌ಗೆ ‘ಗೂಢಲಿಪಿ’ ಅಂತ ಬರೆಯೋರು ದಯವಿಟ್ಟು ನಿಲ್ಲಿಸಬೇಕು ಅಂತ ನನ್ನ ಕೋರಿಕೆ. ಗೂಢಲಿಪಿನ ಕೀ ಇದ್ದೋನು ಬಿಡಿಸಿ ಓದ್ತಾನೆ, ಹ್ಯಾಶನ್ನ ಬಿಡಿಸೋ ಕೀ ಅಂತ ಒಂದಿಲ್ಲ. ಆ ಪದ ನೋಡಿ ‘ಎಲ್ಲಾ ಗೂಢಲಿಪಿಲಿ ಹೋಗುತ್ತಲ್ಲ, ಎಚ್‌ಟಿಟಿಪಿಎಸ್ ಯಾಕೆ’ ಅಂತ ಸೊಸೈಟಿಯವರು ಕೇಳ್ತಾರೆ (ಎಚ್‌ಟಿಟಿಪಿಎಸ್ ಅಂದ್ರೆ ಬ್ರೌಸರ್-ಸರ್ವರ್ ಮಧ್ಯೆ ಹೋಗಿಬರೋದನ್ನೆಲ್ಲ ಗೂಢಲಿಪಿ ಮಾಡಿ ಕಾಯೋ ವ್ಯವಸ್ಥೆ). ಬ್ರೌಸರಲ್ಲಿ ಹ್ಯಾಶ್ ಲೆಕ್ಕ ಹಾಕೋ ಜಾವಾಸ್ಕ್ರಿಪ್ಟ್ ಕೂಡ ಅದೇ ವೈರಿನಲ್ಲೇ ಬರೋದು, ಎಚ್‌ಟಿಟಿಪಿಎಸ್ ಇಲ್ಲಾಂದ್ರೆ ಮಧ್ಯದಲ್ಲಿ ಕೂತೋನು ಆ ಸ್ಕ್ರಿಪ್ಟನ್ನೇ ಬದಲಾಯಿಸಿ ಪಾಸ್‌ವರ್ಡ್ ತನಗೆ ಬರೋ ಹಾಗೆ ಮಾಡ್ಕೋಬಹುದು. ಹಾಗಾಗಿ ಹ್ಯಾಶನ್ನ ಹ್ಯಾಶ್ ಅಂತಲೇ ಬಿಟ್ಟಿದೀನಿ. ಸಾಲ್ಟನ್ನೂ (ಹ್ಯಾಶ್ ಮಾಡೋ ಮುಂಚೆ ಪಾಸ್‌ವರ್ಡಿಗೆ ಬೆರೆಸೋ ಅಂಕಿ-ಅಕ್ಷರ) ಹಾಗೇ. ನಾನ್ಸ್‌ಗೆ, ಅಂದ್ರೆ ಸರ್ವರ್ ಪ್ರತಿ ಸಲ ಕಳಿಸೋ ಆ ಹೊಸ ಸಂಖ್ಯೆಗೆ, ‘ಒಂದ್ಸಲದ ಸಂಖ್ಯೆ’ ಅಂತ ಬರೆದಿದೀನಿ, ಅದು ಎಲ್ರಿಗೂ ಅರ್ಥ ಆಗುತ್ತೆ.

ಈಗ ನನಗೆ ತಿಳೀಬೇಕಾಗಿರೋದು: ನಿಮ್ಮ ಮನೆಮಾತಲ್ಲಿ ಜವಾಬು ಅನ್ನೋದು ಬರೀ ಉತ್ತರ ಅನ್ನೋ ಅರ್ಥದಲ್ಲಿ ಇನ್ನೂ ಬಳಕೆಲಿ ಇದೆಯಾ, ಅಥವಾ ಜವಾಬ್ದಾರಿ ಒಳಗೆ ಮಾತ್ರ ಉಳ್ಕೊಂಡಿದೆಯಾ? ಮಳವಳ್ಳಿ, ನಾಗಮಂಗಲ, ಕೆ.ಆರ್.ಪೇಟೆ ಕಡೆಯೋರು ಹೇಳಿದ್ರೆ ತುಂಬಾ ಅನುಕೂಲ, ಓದೋರು ಅವರೇ. ಇದೆ ಅಂತಾದ್ರೆ ಸವಾಲು-ಜವಾಬು ಅಂತಲೇ ಹಾಕ್ತೀನಿ. ಇಲ್ಲಾಂದ್ರೆ ‘ಸವಾಲು-ಉತ್ತರ’, ಕ್ರೆಡೆನ್ಷಿಯಲ್ಸ್‌ಗೆ ‘ಲಾಗಿನ್ ವಿವರ’.